ಒಂಬತ್ತು ಸೆಕೆಂಡಿನ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರ್ ಗುಂಡಿ ಒತ್ತಿದ ಮೇಲೆ ಎದ್ದು ಕೂರಲು ಹದಿನಾಲ್ಕು ನಿಮಿಷ ತೆಗೆದುಕೊಳ್ಳುತ್ತಿತ್ತು. ಇದು ಅಂದಾಜಿನ ಮಾತಲ್ಲ, ಗಡಿಯಾರ ಹಿಡಿದು ನೋಡಿದ್ದೇನೆ. (ಗಡಿಯಾರ ಹಿಡಿದು ಕೂರುವಷ್ಟು ಪುರುಸೊತ್ತು ನಿಮಗೆ ಹೇಗೆ ಎಂದು ಕೇಳಬೇಡಿ. ಆ ಪ್ರಶ್ನೆ ಕೇಳುವವರು ಮನೆಯಲ್ಲೇ ಇದ್ದಾರೆ.) ಮೊದಲು ಒಂದು ನರಳಾಟ, ಆಮೇಲೆ ಗುರುಗುಟ್ಟುವಿಕೆ, ನಂತರ ಪರದೆಯ ಮೇಲೆ ಚುಕ್ಕಿಗಳ ಪ್ರದಕ್ಷಿಣೆ. ಆ ಚುಕ್ಕಿಗಳನ್ನು ನೋಡುತ್ತ ಕೂತರೆ ನನಗೆ ಕೈ ತುರಿಸುತ್ತದೆ, ಕಾಲು ಅಲ್ಲಾಡುತ್ತದೆ, ಕುರ್ಚಿಯಿಂದ ಎದ್ದು ಅಡುಗೆಮನೆಗೆ ಹೋಗಿ ಬರುತ್ತೇನೆ.

ಆದರೆ ಆ ಕಂಪ್ಯೂಟರನ್ನು ದಿನವೂ ಬಳಸುವ ನನ್ನ ಹೆಂಡತಿ ತನುಜಾಳಿಗೆ ಈ ಬಗ್ಗೆ ಯಾವ ದೂರೂ ಇರಲಿಲ್ಲ. ನನಗೆ ಅದೇ ದೊಡ್ಡ ದೂರು.

"ತನು, ಇದಕ್ಕೆ ಎಂತಾದರೂ ಮಾಡ್ಬೇಕು ಮಾರಾಯ್ತಿ."

"ಎಂತದೂ ಬೇಡ. ಅದರ ಪಾಡಿಗೆ ಅದು ಏಳ್ಲಿ. ಬೆಳಗ್ಗೆ ನೀವು ಏಳೋದಕ್ಕಿಂತ ಬೇಗನೇ ಏಳತ್ತೆ."

ದಿನಾ ಮಧ್ಯಾಹ್ನ ಅವಳು ಅದರ ಮುಂದೆ ಕೂತು ಏನೋ ಟೈಪು ಮಾಡುತ್ತಾಳೆ. ನಾನು ಹಿಂದೆ ಬಂದು ನಿಂತರೆ ಪರದೆಯನ್ನು ಚಿಕ್ಕದು ಮಾಡುತ್ತಾಳೆ. ಅಡುಗೆ ವಿಷಯ ಇರಬೇಕು ಎಂದು ನಾನು ತಿಳಿದಿದ್ದೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದು ಪಂಪು, ಮೋಟಾರುಗಳ ಅಂಗಡಿ. ತೋಟದವರ ಸ್ಪ್ರೇಯರುಗಳೆಲ್ಲ ರಿಪೇರಿಗೆ ಬರುವುದು ನಮ್ಮಲ್ಲಿಗೇ. ರಿಪೇರಿ ಮಾಡುವವನು ಭೂತಯ್ಯ ಮೇಸ್ತ್ರಿ. ಇಪ್ಪತ್ತು ವರ್ಷದಿಂದ ಇದ್ದಾನೆ. ಸಾಧು ಮನುಷ್ಯ. ಆದರೆ ನಾನು ಕೌಂಟರಿನಿಂದ ಎದ್ದೆ ಎಂದರೆ ಸಾಕು, ಸ್ಕ್ರೂಡ್ರೈವರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡುಬಿಡುತ್ತಾನೆ. "ಸಾವ್ಕಾರ್ರು ಕೂತ್ಕಳಿ, ನಾನ್ ನೋಡ್ಕತೀನಿ" ಎನ್ನುತ್ತಾನೆ. ಹೀಗೆ ಅಂಗಡಿಯಲ್ಲಿ ಅದುಮಿಟ್ಟ ನನ್ನ ಯಂತ್ರಜ್ಞಾನ ಮನೆಯಲ್ಲಿ ಹೊರಬರದೆ ಎಲ್ಲಿ ಬಂದೀತು? ಬಾಗಿಲ ಗಂಟೆ, ಗೀಸರು, ಮಿಕ್ಸಿ, ಎಲ್ಲದರ ಅಂತರಂಗವನ್ನೂ ನಾನು ಬಲ್ಲೆ.

ಭಾವಮೈದ ಹರ್ಷವರ್ಧನ ಒಮ್ಮೆ ಬಂದಾಗ ಕಂಪ್ಯೂಟರಿನ ನರಳಾಟ ಕೇಳಿ, "ಭಾವ, ಇದಕ್ಕೊಂದು ಎಸ್‌ಎಸ್‌ಡಿ ಅಂತ ಹೊಸ ನಮೂನೆ ಡಿಸ್ಕು ಹಾಕ್ಸಿ. ಹಳೇ ಡಿಸ್ಕಿನ ಒಳಗೆ ತಟ್ಟೆ ತಿರುಗ್ತಾ ಇರತ್ತೆ, ಅದಕ್ಕೇ ಈ ಸದ್ದು. ಎಸ್‌ಎಸ್‌ಡೀಲಿ ತಿರುಗೋದು ಎಂತದೂ ಇಲ್ಲ. ಸದ್ದಿಲ್ಲ, ಬಿಸಿಯಾಗಲ್ಲ, ಹೇಳಿದ ತಕ್ಷಣ ಕೆಲಸ ಮಾಡತ್ತೆ" ಎಂದ. ಅಂಥ ಸ್ವಭಾವದ್ದು ಮನೆಯಲ್ಲಿ ಒಂದಾದರೂ ಇರಲಿ ಎಂದು ನನಗೆ ಆವತ್ತಿನಿಂದ ಆಸೆ.

ಸಂದರ್ಭ ತಾನಾಗಿ ಒದಗಿತು. ಗೋಣಿಬೀಡಿನಲ್ಲಿ ತನುಜಾಳ ಅಕ್ಕನ ಮನೆಯಲ್ಲಿ ಗೃಹಪ್ರವೇಶ. ಬುಧವಾರ ಹೊರಟವಳು ಶನಿವಾರ ಬರುತ್ತೇನೆಂದಳು. ಬಸ್ಸು ಹತ್ತುವಾಗ ತಿರುಗಿ, "ಸೋಮವಾರದ ಒಳಗೆ ನಾನೊಂದು ಮುಖ್ಯವಾದ್ದು ಕಳಿಸ್ಬೇಕು. ಕಂಪ್ಯೂಟರ್ ತಂಟೆಗೆ ಹೋಗ್ಬೇಡಿ" ಎಂದಳು.

"ಛೆ, ನನಗೆ ಬೇರೆ ಕೆಲಸ ಇಲ್ವಾ?"

ಇರಲಿಲ್ಲ. ಗುರುವಾರ ಚಿಕ್ಕಮಗಳೂರಿಗೆ ಹೋದೆ.

ಅಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವವಳು ಕೃತಿಕಾ ಎಂಬ ಹೆಣ್ಣುಮಗಳು. ಅವಳು ಕೊಟ್ಟ ಎಸ್‌ಎಸ್‌ಡಿ ನೋಡಿ ನಿರಾಶೆಯಾಯಿತು. ಬೀಡಿ ಕಟ್ಟಿನಷ್ಟು ದೊಡ್ಡದೂ ಇಲ್ಲ, ಹಪ್ಪಳದಷ್ಟು ಹಗುರ.

"ಸರ್, ಸಿಸ್ಟಮ್ ಇಲ್ಲಿಗೇ ತಂದ್ಬಿಡಿ. ಒಂದು ಗಂಟೆ ಕೆಲಸ, ನಾನೇ ಹಾಕ್ಕೊಡ್ತೀನಿ."

"ನಾನು ಮೋಟಾರ್ ಲೈನಿನವನಮ್ಮ" ಎಂದೆ, ಗಾಂಭೀರ್ಯದಿಂದ.

ಅವಳು ನನ್ನನ್ನು ಒಂದು ಕ್ಷಣ ನೋಡಿದಳು. ಆಮೇಲೆ ಒಂದು ಪೆನ್‌ಡ್ರೈವ್ ಕೊಟ್ಟಳು. "ಇದರಲ್ಲಿ ವಿಂಡೋಸ್ ಇದೆ. ಹೊಸದಕ್ಕೆ ಇದನ್ನ ಹಾಕುವಾಗ ಹಳೇ ಡಿಸ್ಕಿನ ವೈರ್ ತೆಗೆದಿಡಿ ಸರ್. ಎರಡೂ ಒಟ್ಟಿಗಿದ್ರೆ ಯಾವುದು ಯಾವುದು ಅಂತ ಗಲಿಬಿಲಿ ಆಗತ್ತೆ. ಅದಕ್ಕೂ ಮೊದಲು ಬೇಕಾದ ಫೈಲೆಲ್ಲ ಬೇರೆ ಕಡೆ ಕಾಪಿ..."

"ಆಯ್ತಮ್ಮ, ಆಯ್ತಮ್ಮ" ಎಂದೆ. ನನ್ನ ಮನಸ್ಸು ಆಗಲೇ ಮೂಡಿಗೆರೆ ಬಸ್ಸು ಹತ್ತಿಯಾಗಿತ್ತು.

ಶುಕ್ರವಾರ ಬೆಳಗ್ಗೆ ಎಂಟಕ್ಕೆ ಶಸ್ತ್ರಚಿಕಿತ್ಸೆ ಆರಂಭವಾಯಿತು. ಡಬ್ಬಿ ಬಿಚ್ಚಿದೆ. ಒಳಗಿನ ದೂಳು ಕೊಡವಿದೆ, ಹನ್ನೊಂದು ಸಲ ಸೀನಿದೆ. ಹೊಸ ಡಿಸ್ಕನ್ನು ಸಿಕ್ಕಿಸಿ ಮುಚ್ಚಿದ ಮೇಲೆ ಮೂರು ಸ್ಕ್ರೂ ಉಳಿದವು. ಯಂತ್ರ ಅಷ್ಟರಮಟ್ಟಿಗೆ ಹಗುರವಾಯಿತಲ್ಲ ಎಂದು ಜೇಬಿಗೆ ಹಾಕಿಕೊಂಡೆ. ಹಳೆಯ ಡಿಸ್ಕಿನ ವೈರು ತೆಗೆಯಬೇಕು ಎಂದಿದ್ದಳು ನಿಜ. ಅದು ಮೂಲೆಯಲ್ಲಿ ಬಿಗಿಯಾಗಿ ಕೂತಿತ್ತು, ಎಳೆದರೆ ಬರಲಿಲ್ಲ. ಇನ್ನೊಂದು ಸಲ ಎಳೆಯುವ ತಾಳ್ಮೆ ನನಗೂ ಬರಲಿಲ್ಲ.

ಪೆನ್‌ಡ್ರೈವ್ ಚುಚ್ಚಿ ಗುಂಡಿ ಒತ್ತಿದೆ. ಪರದೆಯ ಮೇಲೆ ಎರಡು ಡಿಸ್ಕುಗಳ ಹೆಸರು ಬಂತು. ಸೊನ್ನೆ ನಂಬರಿನದು ಒಂದು, ಒಂದನೆಯ ನಂಬರಿನದು ಇನ್ನೊಂದು. ಯಾವುದನ್ನು ಅಳಿಸಿ ಶುಚಿ ಮಾಡಲಿ ಎಂದು ಕೇಳಿತು. ಹೊಸದು ಸೊನ್ನೆಯೋ ಒಂದೋ? ಎರಡು ನಿಮಿಷ ಯೋಚಿಸಿದೆ. ಕಾಲು ಅಲ್ಲಾಡತೊಡಗಿತು. ಶುಚಿ ಎಂಬುದು ಒಳ್ಳೆಯ ವಿಷಯವೇ ತಾನೆ, ಇಬ್ಬರಿಗೂ ಆಗಲಿ ಎಂದು ಎರಡಕ್ಕೂ ಒತ್ತಿದೆ. "ಎಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಲೇ?" ಎಂದು ಆ ಯಂತ್ರ ಪಾಪ, ಎರಡು ಸಲವೂ ಕೇಳಿತು. ಎರಡು ಸಲವೂ ನಾನು ಹೂಂ ಎಂದೆ.

ಹತ್ತೂವರೆಗೆ ಎಲ್ಲ ಮುಗಿದು ಕಂಪ್ಯೂಟರ್ ಹೊತ್ತಿಕೊಂಡಿತು. ಗಡಿಯಾರ ಹಿಡಿದೆ. ಒಂಬತ್ತು ಸೆಕೆಂಡು! ಆರಿಸಿ ಮತ್ತೆ ಹಾಕಿದೆ. ಒಂಬತ್ತು! ಐದು ಸಲ ಹಾಗೆ ಮಾಡಿ, ಭೂತಯ್ಯನಿಗೆ ಫೋನು ಮಾಡಿ, "ಒಂಬತ್ತು ಸೆಕೆಂಡು ಕಣಯ್ಯ!" ಎಂದೆ. ಅವನು ಗಾಬರಿಯಿಂದ, "ಎಂತ ಬಿಚ್ಚಿದ್ರಿ ಸಾವ್ಕಾರ್ರೆ?" ಎಂದು ಕೇಳಿದ.

ಆಗಲೇ ನಾನು ಪರದೆಯನ್ನು ಸರಿಯಾಗಿ ನೋಡಿದ್ದು. ಕಸದ ಬುಟ್ಟಿಯ ಚಿತ್ರವೊಂದನ್ನು ಬಿಟ್ಟು ಅಲ್ಲಿ ಏನೂ ಇರಲಿಲ್ಲ. 'ತನುಜಾ' ಎಂಬ ಹೆಸರಿನ ಫೋಲ್ಡರು ಇರಲಿಲ್ಲ. ಫೋಟೋ ಇಲ್ಲ. ಕಸದ ಬುಟ್ಟಿಯನ್ನೂ ತೆರೆದು ನೋಡಿದೆ, ಅದೂ ಖಾಲಿ. ಇಡೀ ಮೂಡಿಗೆರೆ ತಾಲ್ಲೂಕಿನಲ್ಲೇ ಅತಿ ವೇಗದ ಕಂಪ್ಯೂಟರ್ ನನ್ನದಾಗಿತ್ತು. ತೆರೆಯಲು ಮಾತ್ರ ಅದರಲ್ಲಿ ಏನೂ ಇರಲಿಲ್ಲ.

ಸರಿಯಾಗಿ ಆಗಲೇ ತನುಜಾಳ ಫೋನು.

"ಎಂತ ಮಾಡ್ತಿದೀರಿ?"

"ಎಂತದೂ ಇಲ್ಲ."

"ಎಂತದೂ ಇಲ್ಲ ಅಂದ್ರೆ ಎಂತದೋ ಇದೆ. ತಿಂಡಿ ಆಯ್ತಾ?"

ತಿಂಡಿ ತಿಂದಿಲ್ಲವೆಂಬುದು ಆಗಲೇ ನೆನಪಾದದ್ದು. "ಆಯ್ತು, ಉಪ್ಪಿಟ್ಟು" ಎಂದೆ.

"ನಿಮಗೆ ಉಪ್ಪಿಟ್ಟು ಮಾಡಕ್ಕೆ ಯಾವಾಗ ಬಂತು? ಇರ್ಲಿ. ಇಲ್ಲಿ ಎಲ್ಲ ಮುಗೀತು. ನಾಳೆ ತನಕ ಕಾಯಲ್ಲ, ಇವತ್ತು ಸಂಜೆ ಬಸ್ಸಿಗೇ ಬರ್ತೀನಿ. ಆ ಕೆಲಸ ಒಂದು ತಲೇಲಿ ಕೊರೀತಾ ಇದೆ."

ಹಳೆಯ ಡಿಸ್ಕಿನ ವೈರು ಈಗ ಒಂದೇ ಎಳೆತಕ್ಕೆ ಬಂತು. ಅದನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ.

ಚಿಕ್ಕಮಗಳೂರಿಗೆ ಒಂದು ಗಂಟೆಯ ದಾರಿ. ಆವತ್ತು ಆ ಬಸ್ಸಿಗೆ ಎಲ್ಲ ತಿರುವಿನಲ್ಲೂ ನೆಂಟರು. ಒಬ್ಬರು ಕಾಳುಮೆಣಸಿನ ಮೂಟೆ ಹತ್ತಿಸಿದರು, ಇನ್ನೊಬ್ಬರು ಇಳಿದ ಮೇಲೆ ಕೊಡೆಗಾಗಿ ಮತ್ತೆ ಹತ್ತಿದರು. ನಾನು ಸೀಟಿದ್ದರೂ ಕೂರಲಾರದೆ ಬಾಗಿಲಲ್ಲಿ ನಿಂತೆ. "ಒಳಗೆ ಬನ್ನಿ ಯಜಮಾನ್ರೇ, ನೀವು ನಿಂತ್ರೆ ಬಸ್ಸು ಬೇಗ ಹೋಗಲ್ಲ" ಎಂದ ಕಂಡಕ್ಟರು. ಟವೆಲಿನ ಗಂಟು ನೋಡಿ, "ಕೋಳಿಮರಿನಾ?" ಎಂದೂ ಕೇಳಿದ.

ಕೃತಿಕಾ ಗಂಟನ್ನು ನೋಡಿದವಳೇ, "ಎರಡಕ್ಕೂ ಒತ್ತಿದ್ರಾ ಸರ್?" ಎಂದಳು. ಬೈಯಲಿಲ್ಲ. ಡಾಕ್ಟರ ಹಾಗೆ ಡಿಸ್ಕನ್ನು ತೆಗೆದುಕೊಂಡು ತನ್ನ ಯಂತ್ರಕ್ಕೆ ಜೋಡಿಸಿದಳು. "ಅಳಿಸಿದ ಮೇಲೆ ಇದರ ಮೇಲೆ ಬೇರೆ ಎಂತದೂ ತುಂಬಿಲ್ಲ ಅಲ್ವಾ? ಹಾಗಿದ್ರೆ ಸಿಗಬಹುದು. ಮೂರು ಗಂಟೆ ಆಗತ್ತೆ, ಕೂತ್ಕೊಳಿ."

ಕೂತುಕೊಳ್ಳುವುದು! ಆ ಮೂರು ಗಂಟೆಯಲ್ಲಿ ನಾನು ಎದುರು ಹೋಟೆಲಿನಲ್ಲಿ ಐದು ಕಾಫಿ ಕುಡಿದೆ. ಪಕ್ಕದ ಬಟ್ಟೆ ಅಂಗಡಿಯಲ್ಲಿ ಬೇಡದ ಬನಿಯನ್ನು ಕೊಂಡೆ. ಐದೈದು ನಿಮಿಷಕ್ಕೆ ಬಂದು "ಎಷ್ಟಾಯ್ತಮ್ಮ?" ಎಂದೆ. ತನುಜಾಳ ನಾಲ್ಕು ವರ್ಷದ ಮಧ್ಯಾಹ್ನಗಳು ಆ ಡಿಸ್ಕಿನಲ್ಲಿದ್ದವು. ಅವಳು ಏನು ಬರೆಯುತ್ತಾಳೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಆರನೆಯ ಕಾಫಿಯನ್ನು ಹಾಗೇ ಬಿಟ್ಟು ಎದ್ದೆ.

ಮೂರೂವರೆಗೆ ಕೃತಿಕಾ ಕರೆದಳು. ಫೈಲುಗಳು ಸಿಕ್ಕಿದ್ದವು! ಆದರೆ ಹೆಸರೆಲ್ಲ ಹಾರಿಹೋಗಿ ಬರೀ ನಂಬರುಗಳಿದ್ದವು. "ಒಂದೊಂದಾಗಿ ತೆರೆದು ನಿಮ್ಮದೇ ಹೌದಾ ನೋಡ್ಬೇಕು ಸರ್" ಎಂದು ಒಂದನ್ನು ತೆರೆದಳು. "'ಬಾಗಿಲ ಗಂಟೆ ರಿಪೇರಿಯಾದ ದಿನ' ಅಂತಿದೆ."

ತೆರೆದವಳು ಓದತೊಡಗಿದಳು, ಗಟ್ಟಿಯಾಗಿ. ಅಂಗಡಿಯಲ್ಲಿ ಬೇರೆ ನಾಲ್ಕು ಜನ ಇದ್ದರು. ಯಾವನೋ ಒಬ್ಬ ಗಂಡ ಮನೆಯ ಕರೆಗಂಟೆ ರಿಪೇರಿ ಮಾಡುತ್ತಾನೆ. ಅಂದಿನಿಂದ ಯಾರಾದರೂ ಬಂದು ಗುಂಡಿ ಒತ್ತಿದರೆ ಗಂಟೆ ಬಾರಿಸುವುದಿಲ್ಲ, ಬಚ್ಚಲಮನೆಯ ದೀಪ ಆರುತ್ತದೆ. ಅಂಚೆಯವನು ಒತ್ತಿದಾಗ ಒಳಗೆ ದೊಡ್ಡಮ್ಮ ಸ್ನಾನ ಮಾಡುತ್ತಿದ್ದರು. ಅವರ ಕಿರುಚಾಟ ಕೇಳಿ ಮನೆಯವರೆಲ್ಲ ಮುಂಬಾಗಿಲು ತೆಗೆಯಲು ಓಡಿದರು. ದೊಡ್ಡಮ್ಮ ಇದ್ದ ಎಂಟು ದಿನವೂ ಗಂಟೆಯ ಕೆಲಸ ಹೀಗೆ ಚೆನ್ನಾಗಿ ನಡೆಯಿತಂತೆ.

ಅಂಗಡಿಯೇ ನಕ್ಕಿತು. ತೋಟದ ಲೆಕ್ಕ ಬರೆಯುವ ರೈಟರೊಬ್ಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. "ಎಂಥ ಪೆದ್ದ ಮಾರಾಯ್ರೇ! ಓದಮ್ಮ, ಮುಂದೆ ಓದು."

ಕೃತಿಕಾ ಓದಿದಳು: "'ಯಾಕೆ ಬೈತೀಯ? ಗಂಟೆಗಿಂತ ಜೋರಾಗೇ ಕೇಳಿಸ್ತಲ್ಲ' ಎಂದರು ನಮ್ಮನೆಯವರು."

ಒಳ್ಳೆಯ ಉತ್ತರ ಎನ್ನಿಸಿತು. ಎಲ್ಲೋ ಕೇಳಿದ್ದೇನೆ ಎಂದೂ ಎನ್ನಿಸಿತು. ಆಮೇಲೆ ನೆನಪಾಯಿತು, ಹೇಳಿದವನು ನಾನೇ.

ನನ್ನ ನಗು ಅರ್ಧದಲ್ಲಿ ನಿಂತಿತು. ಕೃತಿಕಾ ಪರದೆಯಿಂದ ನಿಧಾನವಾಗಿ ಮುಖ ತಿರುಗಿಸಿ ನನ್ನನ್ನು ನೋಡಿದಳು. ರೈಟರೂ ಕನ್ನಡಕ ಹಾಕಿಕೊಂಡು ನೋಡಿದರು.

"ಇನ್ನೂ ಹತ್ತಿದೆ ಸರ್," ಎಂದಳು ಕೃತಿಕಾ, ಉಳಿದವನ್ನೂ ತೆರೆದು ತಲೆಬರಹ ನೋಡಿ, ತುಟಿ ಕಚ್ಚಿಕೊಂಡು. "ಗೀಸರು, ಮಿಕ್ಸಿ... ಓದ್ಲಾ?"

"ಬೇಡ!" ಎಂದೆ. ರೈಟರಿಗೆ ಬಹಳ ಬೇಸರವಾಯಿತು.

ಮೂಡಿಗೆರೆಯಲ್ಲಿ ಬಸ್ಸಿನಿಂದ ಇಳಿಯುವಾಗ ನನ್ನ ಅಂಜಿಕೆಯೆಲ್ಲ ಹೋಗಿ ಕೋಪ ಉಕ್ಕುತ್ತಿತ್ತು. ಗೋಣಿಬೀಡಿನ ಬಸ್ಸೂ ಆಗಷ್ಟೇ ಬಂದಿತ್ತು. ತನುಜಾ ಚೀಲ ಹಿಡಿದು ಇಳಿಯುತ್ತಿದ್ದಳು.

"ಏನೇ ಇದು? ಹನ್ನೊಂದು ಕಥೆ! ಹನ್ನೊಂದರಲ್ಲೂ ನನ್ನನ್ನ ಕೋಡಂಗಿ ಮಾಡಿದೀಯ!"

ಅವಳು ಬೆಚ್ಚಲಿಲ್ಲ. ಚೀಲವನ್ನು ಕೆಳಗಿಟ್ಟು ಕೇಳಿದಳು: "ಹನ್ನೊಂದು ಅಂತ ನಿಮಗೆ ಹೇಗೆ ಗೊತ್ತು?"

ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೋಪಕ್ಕೆ ನಿಲ್ಲಲು ಜಾಗವೇ ಸಿಗಲಿಲ್ಲ.

ಮನೆ ತಲುಪುವಷ್ಟರಲ್ಲಿ ಎಲ್ಲವನ್ನೂ ಹೇಳಿದ್ದೆ. ಅವಳ ನಗು ನೋಡಿ ದಾರಿಯಲ್ಲಿ ಇಬ್ಬರು ಕುಶಲ ವಿಚಾರಿಸಿದರು. ಕೊನೆಗೆ ತಿಳಿದದ್ದು ಇಷ್ಟು. ಆ ಹನ್ನೊಂದನ್ನೂ ಅವಳು ಒಂದು ವಾರಪತ್ರಿಕೆಗೆ ಕಳಿಸಿ ತಿಂಗಳಾಗಿತ್ತು, ಅವರು ಒಪ್ಪಿಯೂ ಆಗಿತ್ತು. ಪ್ರತಿಯೆಲ್ಲ ಅವಳ ಇಮೇಲಿನಲ್ಲಿ ಭದ್ರವಾಗಿತ್ತು. ಟವೆಲು, ಬಸ್ಸು, ಐದು ಕಾಫಿ, ಬನಿಯನ್ನು, ಎಲ್ಲ ವ್ಯರ್ಥ. ಸೋಮವಾರ ಕಳಿಸಬೇಕಾಗಿದ್ದದ್ದು ಹನ್ನೆರಡನೆಯದು. ಅದನ್ನು ಅವಳು ಇನ್ನೂ ಶುರುವೇ ಮಾಡಿರಲಿಲ್ಲ.

"ವಿಷಯವೇ ಹೊಳೀತಿರ್ಲಿಲ್ಲ" ಎಂದು ಅವಳು ಕಣ್ಣೊರೆಸಿಕೊಳ್ಳುತ್ತ ಕುರ್ಚಿ ಎಳೆದುಕೊಂಡಳು. "ಈಗ ಹೇಳಿ. ಉಳಿದ ಸ್ಕ್ರೂ ಎಷ್ಟು?"

ನನಗೆ ರೋಷ ಬಂತು. "ನೀನು ಬರೆದ್ರೆ ಮತ್ತೆ ನನ್ನನ್ನ ಪೆದ್ದ ಮಾಡ್ತೀಯ. ನಾನೇ ಬರೀತೀನಿ, ನಡೆದದ್ದು ನಡೆದ ಹಾಗೆ."

"ಬರೀರಿ. ನನ್ನ ಹೆಸರಲ್ಲೇ ಕಳಿಸ್ತೀನಿ" ಎಂದು ಅವಳು ಕುರ್ಚಿ ಬಿಟ್ಟುಕೊಟ್ಟಳು.

ಶನಿವಾರ, ಭಾನುವಾರ ಎರಡು ದಿನ ಕೂತು ಬರೆದೆ. ಒಂದಕ್ಷರ ಉತ್ಪ್ರೇಕ್ಷೆ ಮಾಡಲಿಲ್ಲ. ಒಬ್ಬ ಸಾಮಾನ್ಯ ಮನುಷ್ಯನಿಗೆ ಸಂಭವಿಸಬಹುದಾದ ತಪ್ಪು ಎಂದು ಯಾರಿಗಾದರೂ ಅರ್ಥವಾಗುವಂತೆ ಬರೆದೆ. ತನುಜಾ ಒಂದು ಒತ್ತಕ್ಷರ ತಿದ್ದಿ ಸೋಮವಾರ ಬೆಳಗ್ಗೆಯೇ ಕಳಿಸಿದಳು.

ಗುರುವಾರ ಸಂಪಾದಕರ ಉತ್ತರ ಬಂತು. ಅವಳು ಅದನ್ನು ಓದಿ ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದ ಕೆಮ್ಮಿನಂಥ ಸದ್ದು ಕೇಳಿಸಿತು. ನಾನು ಕೂತು ಓದಿದೆ.

'ಮಾನ್ಯ ತನುಜಾ ಅವರಿಗೆ, ಹನ್ನೊಂದು ಬರಹಗಳೂ ನಮಗೆ ತುಂಬ ಮೆಚ್ಚುಗೆಯಾಗಿವೆ. ಆದರೆ ಈ ಹನ್ನೆರಡನೆಯದನ್ನು ವಿಷಾದದಿಂದ ಮರಳಿಸುತ್ತಿದ್ದೇವೆ. ಕಲ್ಪನೆಗೂ ಒಂದು ಮಿತಿ ಇರಬೇಕಲ್ಲವೇ? ಇಷ್ಟು ಪೆದ್ದ ಗಂಡ ಎಲ್ಲಿಯೂ ಇರಲಾರ, ಓದುಗರು ನಂಬುವುದಿಲ್ಲ.'