ಮಾವನ ಗಾಂಜಾ ಗಿಡಕ್ಕೆ ತಕ್ಕ ಬೆಳಕು

ನಮ್ಮ ಸೋದರಮಾವ ಗಾಂಜಾ ಬೆಳೆಯುತ್ತಾರೆ. ಗಾಬರಿಯಾಗಬೇಡಿ! ಅವರಿರುವ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಮನೆಗೆ ಎರಡು ಗಿಡ ಬೆಳೆದುಕೊಳ್ಳಲು ಕಾನೂನೇ ಒಪ್ಪಿದೆ. ಆಶ್ಚರ್ಯ ಅದಲ್ಲ. ಮೈಸೂರಿನಲ್ಲಿದ್ದಾಗ ಬೀಡಿ ವಾಸನೆ ಬಂತೆಂದು ಅರ್ಧ ದಾರಿಯಲ್ಲೇ ಬಸ್ ಇಳಿಯುತ್ತಿದ್ದ ಮನುಷ್ಯ ಇವರು. ಕಾಫಿ ಎಲ್ಲಿ ಚಟವಾದೀತೋ ಎಂದು ಇಂದಿಗೂ ಬಿಸಿನೀರು ಕುಡಿಯುತ್ತಾರೆ.

ಗಿಡ ಅತ್ತೆಗಾಗಿ. ಸಂಧಿವಾತದಿಂದ ಅವರ ಬೆರಳುಗಳು ಎಷ್ಟು ನೋಯುತ್ತವೆಂದರೆ ಸೀರೆಯ ನೆರಿಗೆ ಹಿಡಿಯಲಾರರು, ಚಪಾತಿ ಹಿಟ್ಟು ನಾದಲಾರರು. ಮಾತ್ರೆಗಳು ಹೊಟ್ಟೆಗೆ ಆಗಿಬರಲಿಲ್ಲ. ಈ ಗಿಡದ ಹೂವನ್ನು ಎಣ್ಣೆಯಲ್ಲಿ ಕಾಯಿಸಿ ಹಚ್ಚಿದರೆ ಕೆಲವರಿಗೆ ನೋವು ತಗ್ಗುತ್ತದೆಂದು ಯಾರೋ ಹೇಳಿದರು. ಅಂಗಡಿಯಲ್ಲೇ ಸಿಗುತ್ತದಲ್ಲ ಎಂದೆ.

"ಅದಕ್ಕೆ ಎಂಥ ಲೈಟ್ ಕೊಟ್ಟಿದಾರೋ ಯಾರಿಗ್ಗೊತ್ತು?" ಎಂದರು ಮಾವ. ಜೀವಮಾನವಿಡೀ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿದ್ದವರ ಹತ್ತಿರ ವಾದ ಮಾಡಲಾದೀತೇ?

ಹೊರಗಿನವರ ಕಣ್ಣಿಗೆ ಬೀಳದಂತೆ ಬೆಳೆಯಬೇಕೆಂಬುದು ಕಾನೂನು; ಹಾಗಾಗಿ ಗಿಡ ನೆಲದಡಿಯ ಬೇಸ್‌ಮೆಂಟಿನಲ್ಲಿ, ಬಿಸಿಲಿನ ಬದಲು ದೀಪ. ಮೊದಲು ಬಂದದ್ದು ನೇರಳೆ ದೀಪ. ಬೇಸ್‌ಮೆಂಟ್ ನಾಟಕದ ಸ್ಟೇಜಿನಂತಾಯಿತು. ಆ ಬೆಳಕಿನಲ್ಲಿ ಎಲೆ ಹಳದಿಯಾದರೂ ಕಾಣುವುದೇ ಇಲ್ಲ! ವಾಪಸ್ಸು ಹೋಯಿತು. ಎರಡನೆಯದು ಸೋಡಿಯಂ ದೀಪ, ಹಿಂದೆ ನಮ್ಮ ಬೀದಿಗಳಲ್ಲಿ ಉರಿಯುತ್ತಿತ್ತಲ್ಲ, ಅದೇ ಜಾತಿ. ಸೆಕೆಗೆ ಗಿಡ ಬಾಡಿತು. ಆದರೆ ಹೊರಗೆ ಹಿಮ ಬೀಳುತ್ತಿದ್ದಾಗ ಅತ್ತೆ ನನ್ನ ಕೈಯಿಂದ ಸಂಡಿಗೆ ಇಡಿಸಿ ಅದರ ಕೆಳಗೆ ಗರಿಗರಿಯಾಗಿ ಒಣಗಿಸಿಕೊಂಡರು. "ಇದೊಂದು ಇರ್ಲಿ ಬಿಡಿ ಅಂದ್ರೆ" ಎಂದು ಅವರು ಕೇಳಿಕೊಂಡರೂ ಅದೂ ಹೋಯಿತು.

ಮೂರನೆಯದಕ್ಕೆ ನನ್ನನ್ನೂ ಅಂಗಡಿಗೆ ಎಳೆದುಕೊಂಡು ಹೋದರು. ಗ್ರೀನ್ ಕಾರ್ಡ್ ಸರತಿಯಲ್ಲಿರುವ ನಾನು ಏನನ್ನೂ ಮುಟ್ಟದೆ ಕೈ ಹಿಂದೆ ಕಟ್ಟಿಕೊಂಡು ನಿಂತೆ. ರಾಜ್ಯ ಒಪ್ಪಿದರೂ ಅಮೆರಿಕದ ಕೇಂದ್ರ ಸರ್ಕಾರ ಈ ಗಿಡವನ್ನು ಇನ್ನೂ ಒಪ್ಪಿಲ್ಲ ನೋಡಿ! ತೋಳಿನ ತುಂಬ ಹಚ್ಚೆಯಿದ್ದ ಅಂಗಡಿಯಾಕೆ ಸಾವಿರ ವಾಟ್ ಎಂದು ಬರೆದ ಡಬ್ಬ ತೋರಿಸಿದಳು. ಮಾವ ಜೇಬಿನಿಂದ ಮೀಟರ್ ತೆಗೆದು ಪ್ಲಗ್ಗಿಗೆ ಸಿಕ್ಕಿಸಿದರು. ನೂರು ಚಿಲ್ಲರೆ ವಾಟ್, ಅಷ್ಟೇ! ಆಮೇಲೆ ಒಂದೊಂದೇ ದೀಪ ಉರಿಸಿ, ನಡುವೆ ಎಷ್ಟು, ಮೂಲೆಯಲ್ಲಿ ಎಷ್ಟು ಎಂದು ಬೆಳಕನ್ನು ಅಳೆಯತೊಡಗಿದರು. ನಡುವೆ ಸುಟ್ಟು ಮೂಲೆಯಲ್ಲಿ ಮಂಕಾದರೆ ಹೂವೂ ಹಾಗೇ ಬರುತ್ತದಂತೆ. ಕೊನೆಗೆ ಎಲ್ಲ ಕಡೆಗೂ ಸಮನಾಗಿ ಹರಡುವ ಬಿಳಿ ಎಲ್‌ಇಡಿ ಒಪ್ಪಿಗೆಯಾಯಿತು. ಎಷ್ಟು ವರ್ಷದಿಂದ ಬೆಳೆಯುತ್ತಿದ್ದೀರಿ ಎಂದು ಅಂಗಡಿಯಾಕೆ ಭಕ್ತಿಯಿಂದ ಕೇಳಿದಳು. ಇನ್ನೂ ಒಂದು ಹೂವೂ ಬಿಟ್ಟಿಲ್ಲ ಎಂದರು ಮಾವ.

ಗಿಡ ಸೊಂಪಾಗಿ ಬೆಳೆಯಿತು. ಹೂ ಬಿಡಲು ಅದಕ್ಕೆ ದಿನಕ್ಕೆ ಹನ್ನೆರಡು ಗಂಟೆ ಅಖಂಡ ಕತ್ತಲೆ ಬೇಕು. ರಾತ್ರಿ ಕರೆಂಟ್ ಅಗ್ಗವೆಂದು ಹಗಲಿಡೀ ದೀಪ ಆರಿರುವಂತೆ ಮಾವ ಟೈಮರ್ ಇಟ್ಟರು. ಎರಡು ತಿಂಗಳಾದರೂ ಒಂದು ಮೊಗ್ಗಿಲ್ಲ! ಅಷ್ಟರಲ್ಲಿ ಅತ್ತೆಗೆ ನೀರಿನ ಲೋಟ ಹಿಡಿಯುವುದೂ ಕಷ್ಟವಾಗಿತ್ತು.

ಒಂದು ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನದಿಂದ ಬಂದವರು ಮಾವನೂ ನಾನೂ ಪ್ರಸಾದ ಇಡಲು ಕೆಳಗೆ ಬೇಸ್‌ಮೆಂಟಿನ ದೇವರ ಕೋಣೆಗೆ ಹೋದೆವು. ಗಿಡಗಳಿರುವುದು ಅದೇ ಕೋಣೆಯ ಕ್ಲಾಸೆಟ್ಟಿನಲ್ಲಿ, ಅಂದರೆ ಬಾಗಿಲಿರುವ ಗೋಡೆಗೂಡಿನಲ್ಲಿ. ದೇವರ ಮುಂದಿನ ಪುಟ್ಟ ಕೆಂಪು ಬಲ್ಬಿನ ಬೆಳಕು ಕ್ಲಾಸೆಟ್ ಬಾಗಿಲಿನ ಸಂದುಗಳಿಂದ ಎಲೆಗಳ ಮೇಲೆ ಬಿದ್ದಿತ್ತು.

"ಮಾವ, ಈ ದೀಪ..."

"ಗೊತ್ತು ಕಣೋ. ಕತ್ತಲೆ ಹೊತ್ತಲ್ಲಿ ಕೆಂಪು ಬೆಳಕೇ ಅದಕ್ಕೆ ಆಗಬಾರದ್ದು. ಕಪ್ಪು ಬಟ್ಟೆ ಕಟ್ಟಿ ನೋಡಿದೆ, ಗಾಳಿ ಇಲ್ದೆ ಬೂಷ್ಟು ಬಂತು."

"ಹಗಲು ಹೊತ್ತು ಇದನ್ನ ಆಫ್ ಮಾಡಬಹುದಲ್ಲ?"

"ನನ್ನ ಹಾರ್ಟ್ ಆಪರೇಷನ್ ದಿನ ಹಚ್ಚಿದ್ದು ಅವಳು. ಅವತ್ತಿಂದ ಒಂದ್ ದಿನಾನೂ ಆರಿಸಿಲ್ಲ. ನನ್ನ ಆಯಸ್ಸಿಗಂತೆ. ಅದನ್ನ ಆರಿಸು ಅಂತ ಯಾವ ಬಾಯಲ್ಲಿ ಹೇಳ್ಲಿ?" ಇಷ್ಟು ವರ್ಷದಲ್ಲಿ ಮಾವ ಲೆಕ್ಕ ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅತ್ತೆ ಮೆಟ್ಟಿಲ ಮೇಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಗೋಡೆ ಹಿಡಿದು ಇಳಿದು ಬಂದು ದೇವರಿಗೊಮ್ಮೆ ಕೈಮುಗಿದರು.

"ನೀವು ಎದುರಿಗೇ ಇದೀರಲ್ಲ, ಸಾಕು," ಎಂದು ಮಾವನಿಗೆ ಹೇಳುತ್ತ ಬಲ್ಬಿನ ಪ್ಲಗ್ಗಿಗೆ ಕೈ ಹಾಕಿದರು.

ಪ್ಲಗ್ ಬಿಗಿಯಾಗಿತ್ತು, ಅವರ ಬೆರಳಿಗೆ ಬರಲಿಲ್ಲ. ಮಾವ ಅವರ ಪಕ್ಕಕ್ಕೆ ಹೋಗಿ ಆ ಊದಿದ ಬೆರಳುಗಳ ಮೇಲೆ ತಮ್ಮ ಕೈಯಿಟ್ಟರು. ಇಬ್ಬರೂ ಸೇರಿ ಮೆಲ್ಲಗೆ ಎಳೆದರು.