ನಾಲ್ಕನೆಯ ಮೊಟ್ಟೆ

ತಪ್ಪು ಪಾರಿವಾಳದ್ದಲ್ಲ. ಗೂಡನ್ನು ಅಷ್ಟು ಚೆನ್ನಾಗಿ ಮಾಡಿದ ಮಣ್ಣು ಸಾರ್ ಅವರದು.

ಆ ಕಟ್ಟಡದವರೆಲ್ಲ ಅವರನ್ನು ಮಣ್ಣು ಸಾರ್ ಅಂತಲೇ ಕರೆಯುತ್ತಿದ್ದರು. ಅಂದರೆ, ಕರೆಯುವ ಸಂದರ್ಭ ಬಂದಾಗ. ಅಂಥ ಸಂದರ್ಭ ಬರುತ್ತಿದ್ದುದೇ ಅಪರೂಪ. ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದುಕೊಂಡು ಜೇಡಿಮಣ್ಣು, ಗೋಣಿನಾರು, ಮರಳು, ಒಣಕಡ್ಡಿ ಎಲ್ಲ ಸೇರಿಸಿ ಮರದ ತೊಗಟೆಯಂಥ, ಪಾಚಿಗಟ್ಟಿದ ಬಂಡೆಯಂಥ ಫಲಕಗಳನ್ನು ಮಾಡುತ್ತಿದ್ದರು. ಏನೇ ಮಾಡಿದರೂ ಮಣ್ಣು ಹಸಿ ಇರುವಾಗಲೇ ಅದರ ತಳಕ್ಕೆ ಹೆಬ್ಬೆರಳಿನ ಉಗುರು ಒತ್ತುವುದು ರೂಢಿ. ಅದೇ ಅವರ ರುಜು. ತಳ ತಿರುಗಿಸಿ ನೋಡಿದ ಪುಣ್ಯಾತ್ಮರು ಇದುವರೆಗೆ ಯಾರೂ ಇರಲಿಲ್ಲ. ಟೀ ಕುಡಿಯಲು ಎರಡು ಲೋಟ ಮಾಡಿಕೊಂಡಿದ್ದರು. ಒಂದು ಬಳಸಿ ಬಳಸಿ ಕಂದಿತ್ತು. ಇನ್ನೊಂದು ಸುಟ್ಟು ತೆಗೆದ ದಿನದ ಹೊಳಪಿನಲ್ಲೇ ಇತ್ತು.

ಇಂಥವರ ಒಂದು ಫಲಕ ದೊಡ್ಡ ಪ್ರದರ್ಶನಕ್ಕೆ ಆಯ್ಕೆಯಾಗಿಬಿಟ್ಟಿತು. ಬಾಗಿಲಿನಷ್ಟು ಅಗಲದ ತೊಗಟೆ, ನಡುವೆ ಮಣ್ಣಿನ ಎಳೆಯನ್ನೂ ನಾರನ್ನೂ ಹೆಣೆದ ಗೂಡು. ಗೂಡಿಗೆಂದು ಎಷ್ಟೋ ಮೊಟ್ಟೆ ಮಾಡಿದ್ದರು. ಬಿರುಕು ಬಿಟ್ಟವು ಬಿಟ್ಟವು, ಉರುಳಿಹೋದವು ಹೋದವು, ಕೊನೆಗೆ ಮೂರನ್ನು ಅಂಟಿಸಿದರು. ಫಲಕವನ್ನು ಬಾಲ್ಕನಿಯಲ್ಲಿ ಎರಡು ಸ್ಟೂಲಿನ ಮೇಲೆ ಆರಲು ಮಲಗಿಸಿದ್ದರು. ಮಧ್ಯಾಹ್ನ ಒಯ್ಯಲು ವ್ಯಾನು ಬರುವುದಿತ್ತು. ಹೊರಗಿನವರು ಮನೆಯೊಳಗೆ ಬರುತ್ತಾರಲ್ಲ ಅಂತ ಹಿಂದಿನ ದಿನ ಕೆಲಸದಾಕೆಗೆ ಹೇಳಿ ಬೀರುವಿನ ಅಡಿಯವರೆಗೂ ಗುಡಿಸಿದ್ದಾಗಿತ್ತು.

ಬಹುಮಾನದ ಆಸೆ ಅವರಿಗಿರಲಿಲ್ಲ. ಜನ ಫಲಕದ ಮುಂದೆ ನಿಲ್ಲಬೇಕು, ಒಬ್ಬರಾದರೂ "ಇದನ್ನ ಮಾಡಿದ್ದು ಯಾರು?" ಅಂತ ಕೇಳಬೇಕು, ಆಗ ತಾವು ಪಕ್ಕದಲ್ಲೇ ಇರಬೇಕು. ಇಷ್ಟನ್ನೇ ನೆನೆಸಿಕೊಂಡು ಒಂದು ವಾರದಿಂದ ನಿದ್ದೆ ಕೆಟ್ಟಿದ್ದರು.

ಬೆಳಿಗ್ಗೆ ಎದ್ದು ನೋಡಿದರೆ ಗೂಡಿನಲ್ಲಿ ಪಾರಿವಾಳ ಕೂತಿತ್ತು.

"ಹುಶ್!" ಅಂದರು. ಅದು ಬಾಡಿಗೆ ಕೊಟ್ಟು ಬಂದವರಂತೆ ಅವರನ್ನೇ ದುರುಗುಟ್ಟಿ ನೋಡಿತು. ಟವೆಲ್ ಬೀಸಿದಾಗ ಒಲ್ಲದ ಮನಸ್ಸಿನಿಂದ ಎದ್ದು ಕಟಕಟೆಯ ಮೇಲೆ ಕೂತಿತು. ಗೂಡಿನಲ್ಲಿ ನಾಲ್ಕು ಮೊಟ್ಟೆ ಇದ್ದವು.

ಮಣ್ಣು ಸಾರ್ ಇನ್ನೊಮ್ಮೆ ಎಣಿಸಿದರು. ಯಾರನ್ನಾದರೂ ಕೇಳೋಣವೆಂದು ಬಾಗಿಲು ತೆಗೆದರೆ, ಎದುರುಮನೆಯ ನಿವೃತ್ತ ಮೇಷ್ಟ್ರು ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದರು. ಆಗಿದ್ದಿಷ್ಟೇ. ಮೇಷ್ಟ್ರ ಕಿವಿಗೆ ಬಿದ್ದ ಸುದ್ದಿ ಲಿಫ್ಟಿಗೆ ಕಾಯುವುದಿಲ್ಲ. ಟೀ ನೀರು ಕುದಿಯುವಷ್ಟರಲ್ಲಿ ಮನೆ ತುಂಬ ಜನ.

ಮೇಷ್ಟ್ರು ಕನ್ನಡಕ ಏರಿಸಿ, ಒಂದೇ ಬೆರಳಿನ ತುದಿಯಿಂದ ನಾಲ್ಕನೆಯ ಮೊಟ್ಟೆಯನ್ನು ಮುಟ್ಟಿದರು.

"ಬಿಸಿ ಇದೆ. ಒಳಗೆ ಜೀವ ಇದೆ ಕಣ್ರೀ. ಯಾರೂ ಎತ್ತಬೇಡಿ! ಮನುಷ್ಯರ ವಾಸನೆ ತಾಗಿದ್ರೆ ತಾಯಿ ಬಿಟ್ಟು ಹೋಗುತ್ತೆ."

"ಅಯ್ಯೋ, ಬಾಣಂತಿ ಪಾಪ!" ಎಂದು ಲೊಚಗುಟ್ಟಿದಳು ಕೆಳಮನೆಯಾಕೆ. ಪಾರಿವಾಳ ಬರದಿರಲಿ ಅಂತ ಹೋದ ತಿಂಗಳಷ್ಟೇ ತನ್ನ ಬಾಲ್ಕನಿಗೆ ಬಲೆ ಕಟ್ಟಿಸಿದವಳು ಅವಳೇ. "ಸಾರ್, ಮೊದಲು ಆ ಫ್ಯಾನ್ ಆರಿಸಿ. ಅದಕ್ಕೆ ಶೀತ ಆಗುತ್ತೆ."

ಫ್ಯಾನು ನಿಂತಿತು. ಆಮೇಲೆ ರೇಡಿಯೋ ನಿಂತಿತು. ಬಣ್ಣದ ವಾಸನೆ ಆಗದೆಂದು ಡಬ್ಬಗಳೆಲ್ಲ ಬಚ್ಚಲಿಗೆ ಹೋದವು. ಮಣ್ಣು ಸಾರ್ ಸೀನಿದಾಗ ಎಲ್ಲರೂ ಅವರನ್ನು ಕೊಲೆಗಾರನನ್ನು ನೋಡುವಂತೆ ನೋಡಿದರು. ಅವರು ಬಾಯಿಗೆ ಟವೆಲ್ ಒತ್ತಿಕೊಂಡು ತಮ್ಮ ಮನೆಯಲ್ಲೇ ತುದಿಗಾಲಲ್ಲಿ ನಡೆದರು.

"ನೋಡಿ ಸಾರ್," ಮೇಷ್ಟ್ರು ಪಾಠಕ್ಕೆ ಇಳಿದರು. "ನೀವು ಮಾಡಿದ ಮೂರು ಮೊಟ್ಟೆ, ಬೇಜಾರು ಮಾಡ್ಕೋಬೇಡಿ, ಪಕೋಡ ಥರ ಇವೆ. ಇದನ್ನ ನೋಡಿ, ಏನು ನುಣುಪು, ಏನು ಆಕಾರ! ಪ್ರಕೃತಿ ಪ್ರಕೃತಿನೇ. ಮನುಷ್ಯ ಎಷ್ಟೇ ತಿಣುಕಿದ್ರೂ ಇಂಥದ್ದು ಬರಲ್ಲ."

"ನಿಜ ಮೇಷ್ಟ್ರೇ," ಅಂದರು ಮಣ್ಣು ಸಾರ್. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಇಷ್ಟು ವರ್ಷ ಏನು ಕಲಿತೆ ಅಂತ ಒಳಗೊಳಗೇ ಕುಗ್ಗಿದರು. ಹೊಳಪಿನ ಲೋಟದಲ್ಲಿ ಮೇಷ್ಟ್ರಿಗೆ ಟೀ ಕೊಟ್ಟರು, ಕಂದಿದ ಲೋಟ ಕೆಳಮನೆಯಾಕೆಗೆ ಹೋಯಿತು. ಉಳಿದವರಿಗೆ ಕುಂಚ ನಿಲ್ಲಿಸುವ ಡಬ್ಬಿಗಳನ್ನೇ ತಿಕ್ಕಿ ತೊಳೆದರು.

ಮಧ್ಯಾಹ್ನ, ಪಾರಿವಾಳ ಮತ್ತೆ ಗೂಡಿಗಿಳಿದು ಕೂತಿದ್ದಾಗ, ವ್ಯಾನಿನ ಡ್ರೈವರ್ ಬಂದ.

"ಫಲಕ ಎಲ್ಲಿ ಸಾರ್? ಬೇಗ ಎತ್ತಿಸಿ."

"ಎತ್ತೋದಾ?" ಕೆಳಮನೆಯಾಕೆ ಸೆರಗು ಬಿಗಿದು ಬಾಲ್ಕನಿಯ ಬಾಗಿಲಿಗೆ ಅಡ್ಡ ನಿಂತಳು. "ನಿಮ್ಮಮ್ಮ ಬಾಣಂತಿ ಆಗಿದ್ದಾಗ ಮಂಚ ಸಮೇತ ಎತ್ಕೊಂಡು ಹೋಗಿದ್ರೇನಪ್ಪ?"

ಡ್ರೈವರ್ ಕಕ್ಕಾಬಿಕ್ಕಿಯಾದ. "ಅಮ್ಮಾ, ಇವತ್ತು ಬಿಟ್ರೆ ಆಯ್ತು. ಆ ಜಾಗಕ್ಕೆ ಬೇರೆಯವರದ್ದು ಹಾಕ್ತಾರೆ. ಸಾರ್, ನೀವೇ ಹೇಳಿ."

ಎಲ್ಲರೂ ಮಣ್ಣು ಸಾರ್ ಮುಖ ನೋಡಿದರು. ಅವರು ಹೊಸ್ತಿಲ ಕಡೆ ನೋಡುತ್ತಿದ್ದರು. ಅಲ್ಲಿ ಒಂದರ ಮೇಲೊಂದು ಚಪ್ಪಲಿಗಳು ಬಿದ್ದಿದ್ದವು. ತಮ್ಮದೂ ಕೆಲಸದಾಕೆಯದೂ ಅಲ್ಲದ ಚಪ್ಪಲಿಯನ್ನು ಆ ಬಾಗಿಲಲ್ಲಿ ಅವರು ನೋಡಿದ್ದು ಅದೇ ಮೊದಲು. ವ್ಯಾನು ಹೊರಟರೆ ಅದರ ಹಿಂದೆಯೇ ಈ ಚಪ್ಪಲಿಗಳೂ ಹೊರಡುತ್ತವೆ ಎಂಬುದು ಅವರಿಗೆ ತಿಳಿದಿತ್ತು.

"ಇರಲಿ ಬಿಡಪ್ಪ," ಅಂದರು. "ನೀನು ಹೋಗು."

ಜನ ಚಪ್ಪಾಳೆ ತಟ್ಟಲು ಹೋಗಿ, ಹಕ್ಕಿ ಬೆದರೀತೆಂದು ಕೈ ಕಟ್ಟಿಕೊಂಡರು. ವ್ಯಾನು ಖಾಲಿ ಹೋಯಿತು. ಬಾಲ್ಕನಿಯಿಂದ ಅದರ ಹಿಂಭಾಗ ಕಾಣುವವರೆಗೂ ಮಣ್ಣು ಸಾರ್ ನೋಡಿದರು. ಅಷ್ಟರಲ್ಲಿ ಒಳಗಿನಿಂದ "ಸಾರ್, ಇನ್ನೊಂದು ಸುತ್ತು ಟೀ ಆಗಲಿ!" ಅಂತ ಯಾರೋ ಕೂಗಿದರು. ಅವರು ಓಡಿದರು.

ಸಂಜೆಯಾಗುತ್ತಲೇ, ನಾಳೆ ಬರುತ್ತೇವೆ, ನಾಡಿದ್ದೂ ಬರುತ್ತೇವೆ, ಮರಿ ಹೊರಬರುವವರೆಗೂ ಬರುತ್ತೇವೆ ಎಂದು ಹೇಳಿ ಎಲ್ಲರೂ ಇಳಿದುಹೋದರು. ಅವರ ಹಿಂದೆಯೇ ಪಾರಿವಾಳವೂ ಪಟಪಟನೆ ಹಾರಿ, ಎದುರಿನ ತಾರಸಿಯ ಮೇಲಿದ್ದ ತನ್ನವರ ಗುಂಪು ಸೇರಿತು. ಕರೆದರೂ ಬರಲಿಲ್ಲ, ಕಾಳು ಹಾಕಿದರೂ ಬರಲಿಲ್ಲ.

ಮೊಟ್ಟೆ ತಣ್ಣಗಾದರೆ ಜೀವ ಹೋದೀತೆಂದು ಮಣ್ಣು ಸಾರ್ ಗಾಬರಿಯಾದರು. ಮೇಷ್ಟ್ರ ಅಪ್ಪಣೆ ಮೀರಿ ನಾಲ್ಕನೆಯ ಮೊಟ್ಟೆಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡರು. ಭಾರವೆನಿಸಿತು. ತಿರುಗಿಸಿದರು.

ತಳದಲ್ಲಿ ಉಗುರಿನ ಗುರುತಿತ್ತು.

ಹೋದ ತಿಂಗಳು ಬೀರುವಿನ ಅಡಿಗೆ ಉರುಳಿ ಕಾಣೆಯಾಗಿದ್ದ ಮೊಟ್ಟೆ ಅದು. ಮಾಡಿದವುಗಳಲ್ಲೆಲ್ಲ ಅದೇ ಚೆನ್ನಾಗಿ ಬಂದಿತ್ತು. ನಿನ್ನೆ ಗುಡಿಸುವಾಗ ಸಿಕ್ಕಿದ್ದನ್ನು ಕೆಲಸದಾಕೆ ಗೂಡಿನಿಂದ ಬಿದ್ದದ್ದೆಂದು ತಿಳಿದು ಗೂಡಿಗೇ ಇಟ್ಟು ಹೋಗಿದ್ದಳು.

ಮಣ್ಣು ಸಾರ್ ಒಬ್ಬರೇ ಗಟ್ಟಿಯಾಗಿ ನಕ್ಕರು. ಹಕ್ಕಿಯೂ ನಂಬಿತ್ತು, ಮೇಷ್ಟ್ರೂ ನಂಬಿದ್ದರು, ಮಾಡಿದ ತಾವೇ ನಂಬಿದ್ದರು! ಇಂಥ ಹೊಗಳಿಕೆ ಯಾವ ಪ್ರದರ್ಶನದಲ್ಲಿ ಸಿಕ್ಕೀತು? ಈಗಲೇ ಮೇಷ್ಟ್ರಿಗೆ ತೋರಿಸಬೇಕು. "ಇದನ್ನ ಮಾಡಿದ್ದು ನಾನು" ಅನ್ನಬೇಕು. ಬಾಗಿಲವರೆಗೆ ಹೆಚ್ಚುಕಡಿಮೆ ಓಡಿದರು. ಹೊಸ್ತಿಲಲ್ಲಿ ಅವರ ಒಂದೇ ಜೊತೆ ಚಪ್ಪಲಿ ಇತ್ತು. ಅದನ್ನು ನೋಡಿದ್ದೇ ಚಿಲಕಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಆಗಲೇ ಬೆಲ್ ಆಯಿತು.

"ನಾನು ಕಣ್ರೀ, ಮೇಷ್ಟ್ರು. ಮೊಟ್ಟೆ ಬಿಸಿ ಇದೆಯಾ ಅಂತ ಒಂದ್ಸಲ ನೋಡ್ಬಿಟ್ಟು ಹೋಗ್ತೀನಿ."

ಮಣ್ಣು ಸಾರ್ ಕೈಯಲ್ಲಿದ್ದ ಮೊಟ್ಟೆಯನ್ನು ನೋಡಿದರು. ತಣ್ಣಗಿತ್ತು. ಅದನ್ನು ಸರಕ್ಕನೆ ಅಂಗಿಯೊಳಗೆ ತೂರಿಸಿ ಕಂಕುಳಲ್ಲಿ ಅವುಚಿಕೊಂಡರು. "ಬಂದೆ ಬಂದೆ, ಬಚ್ಚಲಲ್ಲಿದ್ದೀನಿ!" ಎಂದು ಕೂಗಿ, ಸಾಕಷ್ಟು ಹೊತ್ತು ಹಾಗೇ ನಿಂತು, ಗೂಡಿನಲ್ಲಿಟ್ಟು ಬಾಗಿಲು ತೆಗೆದರು.

"ತಾಯಿ ಎಲ್ರೀ?"

"ಮೇಯೋಕೆ ಹೋಗಿದೆ. ಬರುತ್ತೆ."

ಮೇಷ್ಟ್ರು ಬೆರಳ ತುದಿಯಿಂದ ಮುಟ್ಟಿ ತಲೆದೂಗಿದರು. "ಹದವಾಗಿ ಬಿಸಿ ಇದೆ. ಹೇಳಲಿಲ್ವಾ? ನಿಜವಾದದ್ದು ನಿಜವಾದದ್ದೇ. ನಾಳೆ ಬೆಳಿಗ್ಗೆ ನನ್ನ ತಂಗಿ ಮನೆಯವರೂ ಬರ್ತಾರೆ, ಆಗಬಹುದಲ್ಲ?"

"ಬನ್ನಿ ಬನ್ನಿ, ಎಲ್ಲರೂ ಬನ್ನಿ," ಅಂದರು ಮಣ್ಣು ಸಾರ್.

ಬಾಗಿಲು ಹಾಕಿ, ಮೊಟ್ಟೆಯನ್ನು ಮತ್ತೆ ಕಂಕುಳಲ್ಲಿಟ್ಟುಕೊಂಡು, ಅಲುಗಾಡದೆ ಕಾವಿಗೆ ಕೂತರು.