ದೊಡ್ಡವರು ಏಳುವವರೆಗೆ

ಭೂಮಿಕಾ, ಮನು, ಕೇಳಿ. ನಾಲ್ಕು ಜನ ಸೇರಿದ ಕಡೆ ಬಾಯಿ ಬಿಡಲಾರದವಳು ಯಾವ ಕೆಲಸ ಬೇಕಾದರೂ ಮಾಡಬಹುದು, ಹೋಟೆಲಿನಲ್ಲಿ ಬಡಿಸುವುದೊಂದನ್ನು ಬಿಟ್ಟು. ನಿಮ್ಮಜ್ಜಿ ಅದನ್ನೇ ಹಿಡಿದಿದ್ದಾಳೆ. ಕ್ಯಾಲನೂರಿನ ಶಾಲೆಯಲ್ಲಿ ಮೇಷ್ಟ್ರು ನನ್ನ ಹೆಸರು ಕೂಗಿದರೆ ಪಕ್ಕದ ಹುಡುಗಿ "ಬಂದವ್ಳೆ ಸಾ" ಅನ್ನುತ್ತಿದ್ದಳು. ಅಂಥ ನಾನು ಈಗ ಮುಳಬಾಗಿಲು ಹೆದ್ದಾರಿಯ ಹೋಟೆಲಿನಲ್ಲಿ ಸೀರೆಯ ಮೇಲೆ ಹಸಿರು ಏಪ್ರನ್ ಕಟ್ಟಿ, ತುರುಬಿನ ಮೇಲೆ ನಿಲ್ಲದ ಟೋಪಿಗೆ ಪಿನ್ನು ಚುಚ್ಚಿಕೊಂಡು, ಕಾರಿಳಿದು ಬಂದವರಿಗೆಲ್ಲ "ವೆಲ್‌ಕಮ್" ಅನ್ನುತ್ತೇನೆ. ಇದೇ ಹೆಸರಿನ ಹೋಟೆಲುಗಳು ಊರೂರಿಗೂ ಇವೆ. ಎಲ್ಲದರಲ್ಲೂ ಒಂದೇ ಸಾಂಬಾರು, ಒಂದೇ ಬಣ್ಣದ ಕುರ್ಚಿ. ನನ್ನ ವೆಲ್‌ಕಮ್ ಮಾತ್ರ ಸ್ವಲ್ಪ ಸಣ್ಣದು. ಎಷ್ಟೋ ಜನ ನಾನು ಕೆಮ್ಮಿದೆನೆಂದುಕೊಂಡು ಒಳಗೆ ಹೋಗುತ್ತಾರೆ.

ಮೊದಲು ನಾನು ಹಿಂದುಗಡೆ ಈರುಳ್ಳಿ ಹೆಚ್ಚುತ್ತಿದ್ದೆ. ನಿಮ್ಮ ತಾತ ಹೋದ ಮೇಲೆ ಅಳುವುದಕ್ಕೆ ಅದಕ್ಕಿಂತ ಅನುಕೂಲವಾದ ಜಾಗ ಇರಲಿಲ್ಲ. ಯಾರೂ ಕಾರಣ ಕೇಳುತ್ತಿರಲಿಲ್ಲ. ಬಡಿಸುವವರು ಸಾಲದೆ ಬಂದಾಗ ಮ್ಯಾನೇಜರ್ ಸುರೇಶ, "ಒಂದು ತಿಂಗಳು ನೋಡೋಣಮ್ಮ, ಆಗಲಿಲ್ಲ ಅಂದ್ರೆ ವಾಪಸ್ ಈರುಳ್ಳಿಗೆ" ಎಂದು ಮುಂದಕ್ಕೆ ಕರೆತಂದ. ಬಂದ ಮೇಲೆ ಗೊತ್ತಾಯಿತು, ನನಗೆ ವಾಪಸ್ ಹೋಗಲು ಮನಸ್ಸಿಲ್ಲ. ಮಸಾಲೆದೋಸೆ ಮುಂದೆ ಬಂದಾಗ ಮಕ್ಕಳ ಮುಖ ನೋಡುವುದು ಒಂದು ಸುಖ. ಜೊತೆಯಲ್ಲಿ ಬಡಿಸುವ ಕೋಲಾರದ ಶಬಾನಾಳನ್ನು ನೋಡುವುದು ಇನ್ನೊಂದು. ಎಡಗೈ ಮೇಲೆ ಮೂರು ತಟ್ಟೆ, ಬಲಗೈಯಲ್ಲಿ ನೀರಿನ ಜಗ್ಗು. ಒಂದು ಮೇಜಿಗೆ ಕನ್ನಡ, ಇನ್ನೊಂದಕ್ಕೆ ತೆಲುಗು, ಅಡುಗೆಯವನಿಗೆ ಉರ್ದು. ಅವಳು ಓಡಾಡಿದರೆ ಸಾಂಬಾರಿನ ಬಟ್ಟಲಿಗೂ ತಾನು ಹೊರಟಿರುವುದು ತಿಳಿಯುವುದಿಲ್ಲ.

ನನ್ನ ತೊಂದರೆ ಇದ್ದದ್ದು ಖಾಲಿ ತಟ್ಟೆಯಲ್ಲಿ. ತಿಂದಾದ ಕೂಡಲೇ ತಟ್ಟೆ ಎತ್ತಿ, ಮೇಜು ಒರೆಸಿ, ಕಾಫಿ ಬೇಕಾ, ಐಸ್‌ಕ್ರೀಂ ಬೇಕಾ ಎಂದು ಕೇಳಬೇಕು. ಅದು ಹೋಟೆಲಿನ ನಿಯಮ. ನಮ್ಮೂರಿನ ಪಂಕ್ತಿಯಲ್ಲಿ ದೊಡ್ಡವರು ಏಳುವವರೆಗೆ ಯಾರೂ ಏಳುವಂತಿಲ್ಲ, ಎಲೆ ಎತ್ತುವಂತಿಲ್ಲ. ಒಬ್ಬರು ಉಣ್ಣುತ್ತಿರುವಾಗ ಪಕ್ಕದ ಎಲೆ ತೆಗೆದರೆ 'ತಿಂದದ್ದು ಸಾಕು, ಏಳು' ಅಂದ ಹಾಗೆ. ಒಂದು ಭಾನುವಾರ ಚಿತ್ತೂರಿನ ಕಡೆಯ ದೊಡ್ಡ ಸಂಸಾರವೊಂದು ಬಂತು. ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಮುಗಿಸಿ ಕೈ ಒಣಗಿಸಿಕೊಂಡು ಕೂತಿದ್ದಾರೆ. ತಾತ ಒಬ್ಬರು ಪೂರಿಯನ್ನು ಚೂರು ಚೂರು ಮಾಡಿ ನಿಧಾನವಾಗಿ ಅಗಿಯುತ್ತಿದ್ದಾರೆ. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೇನೆ. ಬಾಗಿಲಲ್ಲಿ ಜನ ಕಾಯುತ್ತಿದ್ದಾರೆ. ಸುರೇಶ ಮೊದಲು ಕಣ್ಣಲ್ಲಿ, ಆಮೇಲೆ ಕೈಯಲ್ಲಿ ಸನ್ನೆ ಮಾಡಿದ. ಕೊನೆಗೆ ತಾನೇ ಬಂದ.

"ಏನಮ್ಮಾ, ತಟ್ಟೆ ಅವರೇ ತೊಳೆದಿಟ್ಟು ಹೋಗ್ಲಿ ಅಂತಾನಾ?"

"ದೊಡ್ಡೋರು ಇನ್ನೂ ತಿಂತಾವ್ರಲ್ಲಪ್ಪಾ…"

"ಹಂಗಾದ್ರೆ ನಾಳೆಯಿಂದ ನಿಮಗೆ ಈರುಳ್ಳಿನೇ ಸರಿ ಬಿಡಿ."

ಆ ಕಡೆ ಹೋಗುತ್ತಿದ್ದ ಶಬಾನಾ ನಿಂತು, "ಯಾಕಕ್ಕಾ, ಮುಖ ಹಿಂಗೆ?" ಎಂದಳು. ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. ಸೀದಾ ಹೋಗಿ ತಾತನ ಪಕ್ಕ ಬಗ್ಗಿ, ಮಕ್ಕಳ ತಟ್ಟೆ ತೆಗೆಯಬಹುದೇ ಎಂದು ತೆಲುಗಿನಲ್ಲಿ ಅವರ ಅಪ್ಪಣೆ ಕೇಳಿದಳು. ತಾತನ ಮುಖ ಅರಳಿತು. "ತೀಯಮ್ಮಾ ತೀಯಿ, ನೇನು ಮೆಲ್ಲಗಾ ತಿಂಟಾನು", ತೆಗಿಯಮ್ಮಾ, ನಾನು ಮೆಲ್ಲಗೆ ತಿಂತೀನಿ ಎಂದವರು, ಅಷ್ಟಕ್ಕೇ ನಿಲ್ಲದೆ ಎಲ್ಲರಿಗೂ ಐಸ್‌ಕ್ರೀಂ ತರಲು ಹೇಳಿದರು. ಸುರೇಶ ಗಲ್ಲಾ ಕಡೆ ಹೋದ. "ದೊಡ್ಡೋರನ್ನ ಒಂದು ಮಾತು ಕೇಳಿದ್ರಾಯ್ತಲ್ಲಕ್ಕಾ" ಎಂದು ಶಬಾನಾ ಹೊರಟುಹೋದಳು. ನನ್ನ ಊರಿನ ಮರ್ಯಾದೆ, ಸುರೇಶನ ಹೋಟೆಲಿನ ನಿಯಮ, ಎರಡನ್ನೂ ಅವಳು ಒಂದೇ ಕೈಯಲ್ಲಿ ಚೆಲ್ಲದೆ ಎತ್ತಿಕೊಂಡು ಹೋದ ಹಾಗಿತ್ತು.

ಅಂದಿನಿಂದ ನಾನೂ ಕೇಳಿಯೇ ತಟ್ಟೆ ಎತ್ತುತ್ತೇನೆ. ಒಮ್ಮೆ ಗಂಡ ಹೆಂಡತಿ ಬಂದಿದ್ದಾಗ ಗಂಡನನ್ನು ಕೇಳಿದೆ. "ಅವರನ್ಯಾಕೆ ಕೇಳ್ತೀರಾ? ಮನೇಲಿ ದೊಡ್ಡೋಳು ನಾನು" ಎಂದಳು ಹೆಂಡತಿ. ಗಂಡ ಹೌದೆಂದು ತಲೆಯಾಡಿಸಿದ. ತಿಂಗಳು ತುಂಬಿದ ದಿನ ಸುರೇಶ, "ಈರುಳ್ಳಿಗೆ ಬೇರೆಯವರನ್ನ ನೋಡ್ತೀನಮ್ಮ" ಎಂದಷ್ಟೇ ಹೇಳಿದ. ಅಷ್ಟು ಸಾಕಾಗಿತ್ತು.

ಮೊನ್ನೆ ಮಧ್ಯಾಹ್ನ ಕೆಲಸದವರೆಲ್ಲ ಒಟ್ಟಿಗೆ ಊಟಕ್ಕೆ ಕೂತೆವು. ನಾನು ನಿಮ್ಮಿಬ್ಬರ ತರಲೆಗಳನ್ನು ಹೇಳುತ್ತಾ, ನಡುನಡುವೆ ಒಂದೊಂದು ತುತ್ತು ಮುದ್ದೆ ನುಂಗುತ್ತಾ ಇದ್ದೆ. ತಲೆ ಎತ್ತಿದರೆ ಎಲ್ಲರೂ ಖಾಲಿ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದಾರೆ, ಸುರೇಶನೂ.

"ಯಾಕ್ರಪ್ಪಾ, ಏಳೋದಲ್ವಾ?"

"ಹೆಂಗಕ್ಕಾ ಏಳೋದು? ಇಲ್ಲಿ ದೊಡ್ಡೋರು ನೀವೇ," ಎಂದಳು ಶಬಾನಾ. "ಬೇಗ ತಿನ್ನಿ, ಹೊರಗೆ ಎರಡು ಬಸ್ಸು ಬಂದು ನಿಂತವೆ!"

ಉಳಿದ ಮುದ್ದೆಯನ್ನೆಲ್ಲ ಒಟ್ಟಿಗೇ ನುಂಗಿ, ಬಿಕ್ಕಳಿಸುತ್ತಾ ಎದ್ದೆ. ಆ ದಿನದ ವೆಲ್‌ಕಮ್ ಎಲ್ಲರಿಗೂ ಕೇಳಿಸಿತು.

ಎದುರಿಗೆ ಕೂತು ಇದನ್ನೆಲ್ಲ ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆದೆ. ಈ ಹಾಳೆಗಳನ್ನು ಕಳೆಯದೆ ಜೋಪಾನವಾಗಿಟ್ಟುಕೊಳ್ಳಿ. ಓದಿ ನಗುವುದಿದ್ದರೆ ಮಾತ್ರ, ನಾನು ಡ್ಯೂಟಿಗೆ ಹೋದ ಮೇಲೆ ನಗಿ.